ಬಲಕ್ಕೆ ತಿರುಗದ ಹಸಿರು ಗಾಡಿ

ರೇಷ್ಮೆ ಸೀರೆ ಉಟ್ಟು, ಮೈತುಂಬ ಬಂಗಾರ ಹಾಕಿಕೊಂಡು, ಕಾಲಿಗೆ ಮಾತ್ರ ಬಚ್ಚಲಿಗೆ ಹೋಗುವ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೊರಟವಳನ್ನು ನೋಡಿದರೆ ನಿಮಗೆ ಏನನಿಸುತ್ತದೆ? ನಮ್ಮ ಹಸಿರು ಗಾಡಿಯನ್ನು ನೋಡಿದಾಗಲೆಲ್ಲ ನನಗೆ ಹಾಗೇ ಅನಿಸುತ್ತಿತ್ತು. ಉದ್ದನೆಯ ಮೂತಿ, ದುಂಡನೆಯ ಎರಡು ದೀಪ, ಇಬ್ಬರೇ ಕೂರಬಹುದಾದ ಕೆನೆ ಬಣ್ಣದ ಸೀಟು, ಮೇಲೆ ಛಾವಣಿಯೇ ಇಲ್ಲ. ಬಣ್ಣ ಅರೆದ ಮೆಹಂದಿ ಸೊಪ್ಪಿನದು, ನಾನೇ ಕಲಸಿದ್ದು. ಆದರೆ ಕೆಳಗೆ ನೋಡಿದರೆ ಗುಜರಿಗೆ ಬಂದ ಯಾವುದೋ ಸಣ್ಣ ಕಾರಿನಿಂದ ಬಿಚ್ಚಿದ ತುಕ್ಕು ಹಿಡಿದ ಕಬ್ಬಿಣದ ಗಾಲಿಗಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಬಸವಕಲ್ಯಾಣದಲ್ಲಿ ನಮ್ಮದು ಲಾರಿಗಳಿಗೆ ಬಾಡಿ ಕಟ್ಟುವ ಶೆಡ್. ಕಂಪನಿಯಿಂದ ಬರೀ ಚಾಸಿ ಬರುತ್ತದೆ. ಅದರ ಮೇಲಿನ ಕ್ಯಾಬಿನ್ನು, ಮಾಲು ತುಂಬುವ ತೊಟ್ಟಿ, ಬಣ್ಣ, ಹೂಬಳ್ಳಿ ಎಲ್ಲವೂ ನಮ್ಮ ಕೈಯಿಂದ ಆಗಬೇಕು. ಕಟ್ಟುವುದು ನನ್ನ ಗಂಡನ ಪಾಲು, ಬಣ್ಣ ನನ್ನ ಪಾಲು. ಅವರು ಮಾತನಾಡುವುದು ಕಡಿಮೆ, ಅವರ ಪಾಲಿನದನ್ನೂ ನಾನೇ ಮಾತನಾಡುತ್ತೇನೆ. ಮೂರನೆಯವರು ಚಾಚಾ. ನಮ್ಮ ಮಾವನ ಕಾಲದಿಂದ ಶೆಡ್‌ನಲ್ಲಿರುವ ವೆಲ್ಡಿಂಗ್ ಉಸ್ತಾದರು. ತಮ್ಮ ಮನೆತನ ಈ ಊರಿನ ಕೋಟೆಯಷ್ಟೇ ಹಳೆಯದು ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಚಹಾ ಒಳಗೆ ಇಳಿಯುವುದಿಲ್ಲ.

ಈ ಗಾಡಿ ಹುಟ್ಟಿದ್ದು ಟಯರ್ ಅಂಗಡಿಯವರು ಕೊಟ್ಟ ಒಂದು ಕ್ಯಾಲೆಂಡರಿನಿಂದ. ಅದರಲ್ಲಿ ಹಳೆಯ ಕಾಲದ ವಿಲಾಯತಿ ರೇಸು ಕಾರಿನ ಚಿತ್ರವಿತ್ತು. ವರ್ಷ ಮುಗಿದರೂ ನನ್ನ ಗಂಡ ಕ್ಯಾಲೆಂಡರ್ ಇಳಿಸಲಿಲ್ಲ. ಆಮೇಲೆ ಒಂದು ದಿನ ಸಣ್ಣ ಕಾರೊಂದರ ಚಾಸಿ ಶೆಡ್‌ನ ಮೂಲೆಗೆ ಬಂದು ಕೂತಿತು. ಲಾರಿ ಕೆಲಸ ಕಡಿಮೆ ಇದ್ದಾಗಲೆಲ್ಲ ಅವರೂ ಚಾಚಾನೂ ಆ ಮೂಲೆಗೆ ಹೋಗಿ ಕಬ್ಬಿಣ ಬಗ್ಗಿಸುವರು, ಫೈಬರ್ ಹಚ್ಚುವರು, ಚಿತ್ರ ನೋಡುವರು, ಮತ್ತೆ ಬಿಚ್ಚುವರು. ನಾನು ಮೊದಲಿಗೆ ಬೈದೆ. ಆಮೇಲೆ ಮಡ್‌ಗಾರ್ಡಿನ ಆ ದುಂಡು ನೋಡಿ ಬೈಯುವುದನ್ನು ಬಿಟ್ಟು ಬ್ರಷ್ ಹಿಡಿದೆ. ಕಾಗದಪತ್ರಕ್ಕೆ ಅಲೆದ ಕಥೆ ಮಾತ್ರ ಕೇಳಬೇಡಿ, ನೆನೆಸಿಕೊಂಡರೆ ಈಗಲೂ ನನ್ನ ಬಿ.ಪಿ. ಏರುತ್ತದೆ.

ಗಾಲಿಗಳ ವಿಷಯ ಹೀಗೇ ಮುಂದೆ ಹೋಗುತ್ತಿತ್ತೇನೋ. ಅಷ್ಟರಲ್ಲಿ ನನ್ನ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅಕ್ಕನದು ಹುಮನಾಬಾದ್. ಮಗಳು ನಮ್ಮೂರಿನ ಆಸ್ಪತ್ರೆಯಲ್ಲಿ ನರ್ಸು, ಕೆಲಸ ಸಿಕ್ಕಾಗಿನಿಂದ ನಮ್ಮ ಮನೆಯಲ್ಲೇ ಇದ್ದಳು. ನನಗೆ ಮಕ್ಕಳಿಲ್ಲ. ಅವಳು ಬಂದ ಮೇಲೆ ಹಾಗೆ ಅನಿಸಲೂ ಇಲ್ಲ. ಶೆಡ್‌ನ ಅಂಗಳದಲ್ಲಿ ನಮ್ಮ ಹಳೆಯ ಜೀಪಿನ ಮೇಲೆ ಅವಳಿಗೆ ಡ್ರೈವಿಂಗ್ ಕಲಿಸಿದ್ದೂ ನಾನೇ.

ಮದುವೆ ಹುಮನಾಬಾದಿನ ಹಾಲ್‌ನಲ್ಲಿ, ಮದುಮಗಳು ಹೊರಡುವುದು ನಮ್ಮ ಮನೆಯಿಂದ ಎಂದಾಯಿತು. ಮುಹೂರ್ತ ಗೊತ್ತಾದ ಸಂಜೆ ಅವಳು ಆ ಹಸಿರು ಗಾಡಿಯ ಬಾನೆಟ್‌ಗೆ ಒರಗಿ ನಿಂತು ಹೇಳಿದಳು:

"ಮೌಶಿ, ಅವ ಕುದುರಿ ಮ್ಯಾಲ ಕುಂತು ಬ್ಯಾಂಡ್ ಹಚ್ಚಿಸ್ಕೊಂಡು ಬರ್ತಾನ. ನಾ ಮಾತ್ರ ಹಿಂದಿನ ಬಾಗಲಿಂದ ಹೋಗಿ ಖೋಲ್ಯಾಗ ಕುಂತು ಕಾಯ್ಬೇಕು. ಇದ್ಯಾವ ನ್ಯಾಯ? ನಾನೂ ಬರ್ತೀನಿ, ಎಲ್ಲಾರೂ ನೋಡೂಹಂಗ. ಈ ಗಾಡ್ಯಾಗ. ನೀ ಹೊಡಿ."

ನಾನು ಯೋಚಿಸಲೇ ಇಲ್ಲ, ಹೂಂ ಅಂದುಬಿಟ್ಟೆ. ಕಾರಣವಿತ್ತು. ನಾನು ಮದುಮಗಳಾಗಿ ಹುಮನಾಬಾದಿನಿಂದ ಈ ಊರಿಗೆ ಬಂದದ್ದು ಲಾರಿಯಲ್ಲಿ. ಅದೂ ತೊಟ್ಟಿ ಇನ್ನೂ ಕಟ್ಟದ, ಮುಂದೆ ಕ್ಯಾಬಿನ್ ಹಿಂದೆ ಬರೀ ಚಾಸಿ ಇರುವ ಲಾರಿ. ಮಾವನವರು ಶುಭವೆಂದು ಕಳಿಸಿದ್ದರು. ಇಂಜಿನ್ನಿನ ಕಾವಿನ ಪಕ್ಕದಲ್ಲಿ, ಮೂಗಿನ ತನಕ ಸೆರಗು ಎಳೆದುಕೊಂಡು ಕೂತಿದ್ದೆ. ಬ್ಯಾಂಡಿನ ಸದ್ದು ಕೇಳಿಸಿತೇ ಹೊರತು ನನ್ನ ಮದುವೆಯ ಮೆರವಣಿಗೆ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ವಿಷಯ ಅಕ್ಕನ ಮನೆಯಲ್ಲಿ ಬಂದಾಗ ಬೀಗರೂ ಅಲ್ಲೇ ಇದ್ದರು. ಗಂಡಿನವರದು ಕೊಡಂಬಲ, ಹೊಲಮನೆಯ ಜನ. ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಚಹಾದ ಕಪ್ಪನ್ನು ಟಕ್ಕನೆ ಕೆಳಗಿಟ್ಟರು.

"ಛತ್ ಇಲ್ಲದ ಗಾಡ್ಯಾಗ ಮದುಮಗಳು? ನಾಳಿ ಮಂದಿ ಏನಂತಾರ?"

"ಮಂದಿ ಚಂದ ಕಾಣಸ್ತದ ಅಂತಾರ," ಅಂದೆ ನಾನು.

ಹುಡುಗನ ತಂದೆ ಮೀಸೆ ಸವರಿಕೊಂಡರು. ನಾನು ಹುಡುಗನ ಕಡೆ ನೋಡಿದೆ. ಒಂದು ಮಾತು ಆಡಬಾರದೇ, ಬರಲಿ ಬಿಡಿ ಅನ್ನಬಾರದೇ! ಅವನು ಬಶಿಯೊಳಗಿನ ಚಹಾವನ್ನು ಮೊದಲ ಸಲ ಕಾಣುತ್ತಿರುವವನಂತೆ ನೋಡುತ್ತ ಕೂತಿದ್ದ. ಕೊನೆಗೆ ಅಕ್ಕನೇ ನಡುವೆ ಬಂದಳು.

"ನೋಡು ತಂಗಿ, ಮದಿವಿ ಹಿಂದಿನ ದಿನ ಮಗಳಿಗೆ ಅರಿಷಿಣ ತಗೊಂಡು ನಾನೇ ನಿಮ್ಮಲ್ಲಿ ಬರ್ತೀನಿ. ಗಾಡಿ ನನ್ನ ಕಣ್ಣಮುಂದ ಓಡ್ಬೇಕು. ಏನರ ತಕರಾರು ಕಂಡಿತೋ, ಆಕಿ ನಿಮ್ಮ ಜೀಪಿನ್ಯಾಗ ಬಂದು ಹಿಂದಿನ ಬಾಗಲಿಂದ ಒಳಗ ಹೋಗ್ತಾಳ. ಮುಂದ ಮಾತಿಲ್ಲ."

ಹೊರಗೆ ಬಂದು ಹುಡುಗಿಯ ಜೊತೆ ಬಸ್ಸಿಗೆ ಕಾಯುವಾಗ ನನ್ನ ಸಿಟ್ಟು ನೆತ್ತಿಗೇರಿತ್ತು. "ಮಾಸ್ತರಂತ ಮಾಸ್ತರ! ಬಾಯಾಗ ನಾಲಿಗಿ ಅದನೋ ಇಲ್ಲೋ? ಇಂಥವನ ಕೂಡ ಹ್ಯಾಂಗ ಬಾಳ್ವಿ ಮಾಡ್ತೀ?"

ಅವಳು ನಕ್ಕಳು. "ಫೋನಿನ್ಯಾಗ ಭಾಳ ಮಾತಾಡ್ತಾನ ಮೌಶಿ."

"ಫೋನಿನ್ಯಾಗ ಎಲ್ಲಾರೂ ಶೂರರೇ," ಅಂದೆ. ನನಗೆ ನಂಬಿಕೆ ಬರಲಿಲ್ಲ. ಅವಳನ್ನು ಕಳಿಸಿಕೊಡುವುದೇ ಒಂದು ಸಂಕಟ. ಅವಳ ಪರವಾಗಿ ಬಾಯಿ ಬಿಡದವನ ಹತ್ತಿರ ಕಳಿಸುವುದೆಂದರೆ ಇನ್ನೂ ಸಂಕಟ.

ತುಕ್ಕು ಗಾಲಿಗಳ ಮೇಲೆ ಮದುಮಗಳು ಬರಬಾರದಲ್ಲ, ಹೊಸವನ್ನು ಆರಿಸಲು ನಾವು ಮೂವರೂ ಹುಡುಗಿಯೂ ಮತ್ತೆ ಹುಮನಾಬಾದಿಗೇ ಹೋದೆವು. ಅಲಾಯ್ ಗಾಲಿಗಳನ್ನು ಇಡುವ ಅಂಗಡಿ ಅಲ್ಲೊಂದು ಹೊಸದಾಗಿ ಆಗಿತ್ತು. ಅಲಾಯ್ ಅಂದರೆ ಕಬ್ಬಿಣದ್ದಲ್ಲ, ಅಲ್ಯೂಮಿನಿಯಂ ಬೆರಕೆಯದು. ಹಗುರ, ಹೊಳಪು, ತುಕ್ಕಿನ ಭಯವಿಲ್ಲ. ಅಳತೆಗೆಂದು ಹಳೆಯ ಗಾಲಿಯೊಂದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆವು, ಬಳೆಗಾರನ ಹತ್ತಿರ ಹಳೆ ಬಳೆ ಒಯ್ದ ಹಾಗೆ. ಊರಿನ ಲಾರಿಗಳನ್ನೆಲ್ಲ ಕಟ್ಟುವ ನಮ್ಮ ಮನೆಯ ಜೀಪು ಆವತ್ತು ಎಂದಿನಂತೆ ಕೆಟ್ಟು ನಿಂತಿತ್ತು. ಗಂಡನ ತೊಡೆಯ ಮೇಲಿನ ಗಂಟು ನೋಡಿ ಕಂಡಕ್ಟರು, "ಏನ್ರಿ ಅದು, ಅಜ್ಜನ ಕಾಲದ ಜಾಗಟಿನಾ?" ಅಂದ. ಚಾಚಾ ನಗಲಿಲ್ಲ. ಅವರಿಗೆ ಬಸ್ಸಿನಲ್ಲಿ ಡ್ರೈವರು ಗೇರ್ ಹಾಕುವ ರೀತಿ ಹಿಡಿಸಿರಲಿಲ್ಲ.

ಅಂಗಡಿಯ ಗೋಡೆ ತುಂಬ ಗಾಲಿಗಳು ತೂಗುತ್ತಿದ್ದವು. ಕರಿಯವು, ಬೂದಿ ಬಣ್ಣದವು, ಅಂಚಿಗೆ ಕೆಂಪು ಗೆರೆ ಎಳೆದವು, ಬಂಗಾರದ ಬಣ್ಣದವೂ ಇದ್ದವು. ನಾನು ಪಾತ್ರೆ ಅಂಗಡಿ ಹೊಕ್ಕವಳಂತೆ ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳತೊಡಗಿದೆ.

"ಅಕ್ಕೋರ, ಕೊಡ ಅಲ್ರಿ ಅದು," ಅಂದ ಅಂಗಡಿಯವ.

"ತೂತಿದ್ರ ಸಪ್ಪಳದಾಗ ಗೊತ್ತಾಗ್ತದ," ಅಂದೆ. ಮುಂದಿನದನ್ನು ಬಡಿದೆ.

ಚಾಚಾ ಬಂಗಾರದ ಬಣ್ಣದವುಗಳ ಮುಂದೆ ನಿಂತುಬಿಟ್ಟರು. "ಇದು ನೋಡು ಬೇಟಿ, ಏನು ಶಾನ್! ನಿಜಾಮರ ಬಗ್ಗಿಗೂ ಇಂಥ ಗಾಲಿ ಇರಲಿಕ್ಕಿಲ್ಲ."

"ನಿಜಾಮರ ಮದಿವಿ ಅಲ್ಲ ಚಾಚಾ, ನಮ್ಮ ಹುಡುಗಿದು."

ಹುಡುಗಿಗೆ ಕರಿಯವು ಬೇಕು, ಚಾಚಾಗೆ ಬಂಗಾರದವು. ನನ್ನ ಗಂಡ ಮಾತ್ರ ಜೇಬಿನಿಂದ ಕ್ಯಾಲೆಂಡರಿನ ಕತ್ತರಿಸಿದ ಚಿತ್ರ ತೆಗೆದು, ಅದನ್ನೊಮ್ಮೆ ಗೋಡೆಯನ್ನೊಮ್ಮೆ ನೋಡುತ್ತ ಕೊನೆಯ ತನಕ ನಡೆದರು. ಕೊನೆಯಲ್ಲಿ, ಮೇಲೆ ಧೂಳಿನೊಳಗೆ ನಾಲ್ಕರ ಒಂದು ಸೆಟ್ ಇತ್ತು. ಬೆಳ್ಳಿ ಬಣ್ಣ. ನಡುವಿನಿಂದ ಅಂಚಿಗೆ ತೆಳ್ಳನೆಯ ಕಡ್ಡಿಗಳು ಸೇವಂತಿಗೆಯ ಎಸಳಿನಂತೆ ಒತ್ತೊತ್ತಾಗಿ ಹರಡಿದ್ದವು. ಅವರು ಬೆರಳು ತೋರಿಸಿದರು, ಅಷ್ಟೇ. ಕೆಳಗಿಳಿಸಿ ಸೆರಗಿನಿಂದ ಒರೆಸಿದೆ. ಕರಿಯವು ಬೇಕೆಂದವಳೂ, "ಇವೇ ಮೌಶಿ, ಇವೇ," ಅಂದಳು. ಚಾಚಾ ಬಂಗಾರದವುಗಳನ್ನು ಇನ್ನೊಮ್ಮೆ ತಿರುಗಿ ನೋಡಿ, "ಠೀಕ್," ಅಂದರು.

ಹಳೆಯ ಗಾಲಿಯನ್ನು ಮೇಲಿಟ್ಟು ನೋಡಿದೆವು. ಬೋಲ್ಟಿನ ತೂತುಗಳು ಬರೋಬರ್ ಕೂತವು. ಆದರೆ ಹೊಸದು ದೊಡ್ಡದು, ಅಗಲವೂ ಹೆಚ್ಚು.

"ಜರಾ ಹೊರಗ ಬರ್ತಾವ್ರಿ," ಅಂದ ಅಂಗಡಿಯವ. "ನಿಮ್ಮ ಗಾಡ್ಯಾಗ ಜಾಗ ಅದನೇನ್ರಿ?"

ನಾವು ನಾಲ್ವರೂ ಒಟ್ಟಿಗೆ ನಕ್ಕೆವು. ಜಾಗವೇ! ಚಾಚಾ ಕಟ್ಟಿದ ಯಾವ ಬಾಡಿಯಲ್ಲೂ ಟಯರಿನ ಮೇಲೆ ಒಂದು ಗೇಣು ಜಾಗ ಇರಲೇಬೇಕು. ಲೋಡ್ ಬಿದ್ದಾಗ ಲಾರಿ ಕೆಳಗೆ ಕೂರುತ್ತದೆ, ಆಗ ಟಯರು ಮಡ್‌ಗಾರ್ಡಿಗೆ ತಾಗಬಾರದು. ಇಬ್ಬರೇ ಕೂರುವ ಈ ಗಾಡಿಗೂ ಅವರು ಅದೇ ಗೇಣು ಬಿಟ್ಟಿದ್ದರು. ಅದಕ್ಕೇ ಹಳೆಯ ಗಾಲಿಗಳು ಅದರೊಳಗೆ ಬಡವಾಗಿ ಕಾಣುತ್ತಿದ್ದುದು. ದೊಡ್ಡ ಗಾಲಿಯೇ ಬೇಕಿತ್ತು. ಚಾಚಾ ತಮ್ಮ ಗೇಣನ್ನು ಗಾಳಿಯಲ್ಲಿ ಎತ್ತಿ ತೋರಿಸಿದರು, ಅಂಗಡಿಯವ ಅದನ್ನೇ ಅಳತೆ ಎಂದು ಒಪ್ಪಿಕೊಂಡ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಹೊಸ ಟಯರು ಹಾಕಿಸಿದ ಗಾಲಿಗಳು ಟೆಂಪೋದಲ್ಲಿ ಬಂದವು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಹಳೆಯವನ್ನು ಬಿಚ್ಚಿದರು. ನಾನು ಆ ತುಕ್ಕುಗಾಲಿಗಳನ್ನು ಒಂದು ಗಳಿಗೆಯೂ ಅಂಗಳದಲ್ಲಿ ಇರಗೊಡಲಿಲ್ಲ. ಹೊರಗೆ ಹೋಗುತ್ತಿದ್ದ ಗುಜರಿಯವನನ್ನು ಕರೆದು, "ಒಯ್ದುಬಿಡಪ್ಪಾ, ನನ್ನ ಕಣ್ಣಿಗೆ ಮತ್ತ ಬೀಳಬಾರದು," ಎಂದು ಅವನ ಗಾಡಿಗೆ ನಾನೇ ದೂಡಿದೆ.

ಹೊಸ ಗಾಲಿ ಕೂರಿಸುವಾಗ ಒಂದು ಗಮ್ಮತ್ತು. ಲಾರಿಯ ನಟ್ ಬಿಗಿ ಮಾಡುವಾಗ ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಜಿಗಿಯುವುದು ನಮ್ಮ ಕಡೆಯ ಪದ್ಧತಿ. ಚಾಚಾ ಎಂದಿನಂತೆ ಪೈಪು ಸಿಕ್ಕಿಸಿ, ಲುಂಗಿ ಮೇಲೆ ಕಟ್ಟಿ, ಒಂದು ಕಾಲು ಇಟ್ಟೇಬಿಟ್ಟರು.

"ಚಾಚಾ, ಇಳೀರಿ!" ನನ್ನ ಗಂಡನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಕಬ್ಬಿಣ ಅಲ್ಲದು, ಸೀಳತದ!"

ಚಾಚಾ ಗಾಬರಿಯಾಗಿ ಇಳಿದರು. ಆಮೇಲೆ ನನ್ನ ಗಂಡ ಬರೀ ಕೈಯಿಂದ, ಒಂದು ಈಚೆಯದು ಒಂದು ಎದುರಿನದು ಎಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಚಾಚಾ ಪಕ್ಕದಲ್ಲಿ ನಿಂತು, "ಇಷ್ಟು ಹೌರಗ ಬಿಗದ್ರ ಹೆಂಗ ನಿಲ್ತಾವೋ, ಅಲ್ಲಾನೇ ಬಲ್ಲ," ಎಂದು ಗೊಣಗುತ್ತಿದ್ದರು.

ಜಾಕ್ ಇಳಿಸಿದರು. ಗಾಡಿ ಕೊನೆಗೂ ತನ್ನ ಕಾಲ ಮೇಲೆ ನಿಂತಿತ್ತು. ಬೆಳ್ಳಿಯ ಕಡ್ಡಿಗಳ ಮೇಲೆ ಬಿಸಿಲು ಬಿದ್ದು ನೆಲದ ತನಕ ಹೊಳೆಯಿತು. ಗೇಣಿನ ಜಾಗ ತುಂಬಿ ಬರೀ ನಾಲ್ಕು ಬೆರಳು ಉಳಿದಿತ್ತು. ನನಗೆ ಅಳು ಬಂತು. ಬಂತು ಅಂದರೆ ಬಂತು, ಅದಕ್ಕೇನು ನಾಚಿಕೆ!

ಸರಿಯಾಗಿ ಅದೇ ಹೊತ್ತಿಗೆ ಅರಿಷಿಣದ ಬುಟ್ಟಿ ಹಿಡಿದು ಅಕ್ಕ ಬಂದಳು. ಗೇಟಿನಲ್ಲೇ ನಿಂತು, "ಅಯ್ ಶಿವನೇ, ಇಷ್ಟು ಚಂದ ಆಗ್ಯದ!" ಅಂದಳು. ಆಸ್ಪತ್ರೆಯಿಂದ ಕೊನೆಯ ಡ್ಯೂಟಿ ಮುಗಿಸಿ ಮದುಮಗಳೂ ಬಂದಳು. ಹೊಸ ಲಾರಿಗೆ ಮಾಡುವಂತೆ ಪ್ರತಿ ಗಾಲಿಯ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ನಾನು ಸ್ಟೇರಿಂಗ್ ಹಿಡಿದೆ. ನಿಂಬೆಹಣ್ಣು ಚಟಚಟನೆ ಒಡೆದವು. ಅಂಗಳದ ಬೇವಿನ ಮರವನ್ನು ಎಡಕ್ಕೆ ಬಳಸಿ ಒಂದು ಸುತ್ತು ಹಾಕಿದೆ. ಬೆಣ್ಣೆಯಂತೆ ಹೋಯಿತು. ಅಕ್ಕನ ಮುಂದೆ ಬಂದು ಗತ್ತಿನಿಂದ ಪೂರ್ತಿ ಬಲಕ್ಕೆ ತಿರುಗಿಸಿದೆ.

ಖರ್ರ್ರ್!

ಇನ್ನೊಮ್ಮೆ ತಿರುಗಿಸಿದೆ, ಇನ್ನೊಮ್ಮೆ ಖರ್ರ್. ಮುಂದಿನ ಎಡಗಾಲಿಯ ಟಯರು ಮಡ್‌ಗಾರ್ಡಿನ ಒಳಗೆ ಎಲ್ಲೋ ತಿಕ್ಕುತ್ತಿತ್ತು. ಎಡಕ್ಕೆ ತಿರುಗಿಸಿದರೆ ಸದ್ದಿಲ್ಲ. ನೇರ ಹೋದರೂ ಇಲ್ಲ. ಪೂರ್ತಿ ಬಲಕ್ಕೆ ತಿರುಗಿಸಿದರೆ ಮಾತ್ರ ಗಾಡಿ ಒಲ್ಲೆನೆನ್ನುತ್ತಿತ್ತು.

ಚಾಚಾ ಬ್ಯಾಟರಿ ಹಿಡಿದು ಕೆಳಗೆ ಮಲಗಿದರು. ತುಂಬ ಹೊತ್ತು ಅವರ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು.

"ಏನಾತು ಚಾಚಾ?"

"ಆ್ಯಂಗಲ್," ಅಂದರು ಒಳಗಿನಿಂದ.

ಲಾರಿಯ ಎಡಗಡೆ ನಮ್ಮವರ ಬಾಯಲ್ಲಿ ಕ್ಲೀನರ್ ಸೈಡ್. ಡ್ರೈವರು ಬಲಕ್ಕೆ ಕೂತಿರುವುದರಿಂದ ಆ ಕಡೆ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಗಿಡ, ಕಂಬ, ಕಟ್ಟೆ ಎಲ್ಲ ತಾಗುವುದು ಆ ಕಡೆಗೇ. ಅದಕ್ಕೇ ಬಸವಕಲ್ಯಾಣದ ಉಸ್ತಾದರು ಎಡಗಡೆಯ ಮಡ್‌ಗಾರ್ಡಿನ ಹಿಂದಿನ ಅಂಚಿಗೆ ಒಳಗಿನಿಂದ ಒಂದು ಹೆಚ್ಚಿನ ಕಬ್ಬಿಣದ ಆ್ಯಂಗಲ್ ಪಟ್ಟಿ ಬೆಸೆಯುತ್ತಾರೆ. ಈ ಪುಟ್ಟ ಗಾಡಿಗೂ ಬೆಸೆದುಬಿಟ್ಟಿದ್ದರು. ಅದರ ಮೇಲೆ ಫೈಬರ್, ಫೈಬರಿನ ಮೇಲೆ ನನ್ನ ಹಸಿರು. ಹಳೆಯ ಸಣ್ಣ ಗಾಲಿ ಅಲ್ಲಿತನಕ ಮುಟ್ಟುತ್ತಿರಲಿಲ್ಲ, ಹೀಗಾಗಿ ಯಾರಿಗೂ ತಿಳಿದಿರಲಿಲ್ಲ.

"ನಾ ಹಾಕು ಅಂದಿದ್ದಿಲ್ಲಲ್ಲ," ಅಂದರು ನನ್ನ ಗಂಡ.

"ಯಾರೂ ಅನ್ನೂದು ಬೇಕಿಲ್ಲ ಬೇಟಾ," ಚಾಚಾ ಎದ್ದು ಕೂತು ತಲೆಯ ಧೂಳು ಕೊಡವಿಕೊಂಡರು. "ಎಡಗಡಿ ಅಂದ್ರ ನನ್ನ ಕೈ ತಾನೇ ಹಾಕಿಬಿಡ್ತದ."

"ಇದಕ್ಕ ಕ್ಲೀನರ್ ಎಲ್ಲ್ಯಾನ ಚಾಚಾ?" ನಾನು ಕೂಗಿದೆ. "ಎಲ್ಲಿ ಕುಂದ್ರಸ್ತೀರಿ ಅವನ್ನ, ಡಿಕ್ಕ್ಯಾಗೇನು?"

ಪಟ್ಟಿ ಕತ್ತರಿಸಬೇಕೆಂದರೆ ಫೈಬರ್ ಒಡೆಯಬೇಕು. ಮತ್ತೆ ಹಚ್ಚಿ, ಒಣಗಿ, ಬಣ್ಣವಾಗಲು ನಾಳೆಯೊಳಗೆ ಸಾಧ್ಯವೇ ಇಲ್ಲ. ನನ್ನ ಗಂಡ ಮೆಲ್ಲಗೆ, "ನಾಳಿಗೆ ಹಳೇ ಗಾಲಿ ಹಾಕಿದ್ರ ತಿರಗತದ," ಅಂದರು. ಆಮೇಲೆ ನನ್ನ ಮುಖ ನೋಡಿದರು. ಚಾಚಾನೂ ನೋಡಿದರು. ನಾನು ಗೇಟಿನ ಆಚೆ ನೋಡಿದೆ. ಗುಜರಿಯವ ಆಗಲೇ ಯಾವ ಓಣಿಯಲ್ಲಿದ್ದನೋ!

ಅಕ್ಕ ಬುಟ್ಟಿ ಕೆಳಗಿಟ್ಟಳು. "ಮುಗೀತಲ್ಲ. ನಾ ಏನಂದಿದ್ದೆ? ಜೀಪಿನ್ಯಾಗ ಬರ್ಲಿ."

ಮದುಮಗಳು ನರ್ಸಿನ ಬಿಳಿ ಬಟ್ಟೆಯಲ್ಲೇ ಧೂಳಿನೊಳಗೆ ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಗೆರೆ ಎಳೆಯತೊಡಗಿದಳು.

"ಅವ್ವಾ, ಇಲ್ಲಿ ನೋಡು. ನಮ್ಮ ಗೇಟಿನಿಂದ ಎಡಕ್ಕ. ಸಸ್ತಾಪುರ ಬಂಗ್ಲಾ ಕ್ರಾಸಿನ್ಯಾಗ ಹೈವೇಕ್ಕ ಎಡಕ್ಕ. ಹುಮನಾಬಾದಿನ್ಯಾಗ ಇಳದ ಮ್ಯಾಲ ಎಡಕ್ಕ. ಹಾಲ್‌ನ ಗೇಟೂ ಎಡಕ್ಕ. ಬಲಕ್ಕ ಎಲ್ಲದ, ತೋರ್ಸು?"

ನಾವೆಲ್ಲ ಬಾಗಿ ನೋಡಿದೆವು. ಖರೇನೇ, ಬಲಕ್ಕೆ ಎಲ್ಲೂ ಇರಲಿಲ್ಲ. ಹೈವೇಯ ಸಣ್ಣ ಬಾಗುಗಳಿಗೆ ಸ್ಟೇರಿಂಗ್ ಅಷ್ಟು ತಿರುಗಿಸುವ ಅಗತ್ಯವೂ ಇಲ್ಲ.

"ಮತ್ತ ಹೊಳ್ಳಿ ಬರೂದು?" ಅಕ್ಕ ಬಿಡಲಿಲ್ಲ. "ಬರೂವಾಗ ಎಲ್ಲಾ ಬಲಕ್ಕೇ ಅಲ್ಲೇನು?"

"ಹೊಳ್ಳಿ ನಾ ಯಾಕ ಬರ್ತೀನವ್ವಾ? ಮದಿವಿ ಆದ ಮ್ಯಾಲ ನಾ ಕೊಡಂಬಲಕ್ಕ ಹೋಗ್ತೀನಿ."

ಅವಳು ತಮಾಷೆಗೇ ಹೇಳಿದ್ದು. ಆದರೆ ನಾಳೆಯಿಂದ ಅವಳ ಚಪ್ಪಲಿ ನಮ್ಮ ಹೊಸ್ತಿಲಲ್ಲಿ ಇರುವುದಿಲ್ಲ ಎಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಗ್ಲಿ, ಬರ್ಲಿ," ಅಂದಳು. ಗಾಡಿಯನ್ನು ವಾಪಸು ತರಲು ನನ್ನ ಗಂಡ ಒಂದು ಖಾಲಿ ಲಾರಿಯಲ್ಲಿ ಹಿಂದೆಯೇ ಬರುವುದೆಂದಾಯಿತು. ಭಾವನಿಗೆ ಈ ಬಲಕ್ಕೆ ತಿರುಗದ ವಿಷಯ ಹೇಳುವುದು ಬೇಡವೆಂದೂ ಆಯಿತು.

ಮದುವೆಯ ಬೆಳಿಗ್ಗೆ ಹೊರಟೆವು. ಅವಳು ಹಳದಿ ಸೀರೆ, ಹಸಿರು ಬಳೆ, ಮಲ್ಲಿಗೆಯ ದಂಡೆ; ನಾನು ನನ್ನ ಮದುವೆಯ ಕೆಂಪು ಸೀರೆ, ಕಣ್ಣಿಗೆ ಕೂಲಿಂಗ್ ಗ್ಲಾಸ್. ಗೇಟಿನಿಂದ ಎಡಕ್ಕೆ, ಬಂಗ್ಲಾದಲ್ಲಿ ಎಡಕ್ಕೆ. ಹೈವೇ ಸಿಕ್ಕಿದ್ದೇ ಗಾಳಿ ಮುಖಕ್ಕೆ ಬಡಿಯಿತು. ಅವಳು ತಲೆಯ ಮೇಲಿನ ಸೆರಗು ತೆಗೆದು ಕುತ್ತಿಗೆಗೆ ಸುತ್ತಿಕೊಂಡಳು. ಎದುರಿಗೆ ಬಂದ ಲಾರಿಗಳಲ್ಲಿ ಅರ್ಧಕ್ಕರ್ಧ ನಮ್ಮೂರಲ್ಲೇ ಬಾಡಿ ಕಟ್ಟಿಸಿಕೊಂಡವು. ಡ್ರೈವರುಗಳು ದೂರದಿಂದಲೇ ಹಾರ್ನ್ 'ಪೊಂವ್ ಪೊಂವ್' ಹೊಡೆದು ಕೈ ಎತ್ತಿದರು. ರಾಜೇಶ್ವರದ ಹತ್ತಿರ ಹೊಲಕ್ಕೆ ಹೊರಟ ಹೆಂಗಸರು ಬುತ್ತಿ ತಲೆಯ ಮೇಲಿಟ್ಟುಕೊಂಡೇ ನಿಂತು ನೋಡಿದರು. ಒಬ್ಬಳು, "ಏ, ಮದುಮಗಳು ನೋಡ್ರೇ!" ಎಂದು ಕೂಗಿದಳು. ನಮ್ಮ ಮದುಮಗಳು ಎರಡೂ ಕೈ ಎತ್ತಿ ಬೀಸಿದಳು. ಹಿಂದಿನ ಲಾರಿಯಲ್ಲಿ ಚಾಚಾ ಕ್ಲೀನರ್ ಸೀಟಿನಲ್ಲಿ ಕೂತು ತಲೆ ಹೊರಗೆ ಹಾಕಿ ನಮ್ಮ ಎಡಗಾಲಿಯನ್ನೇ ಕಾಯುತ್ತಿದ್ದರು. ನನಗೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ನನ್ನ ಮದುವೆಯ ಮೆರವಣಿಗೆ ನಾನು ಆವತ್ತು ನೋಡಿದೆ.

ಹುಮನಾಬಾದಿನಲ್ಲೂ ಎಡಕ್ಕೆ ತಿರುಗಿದ್ದಾಯಿತು. ಹಾಲ್ ಕಾಣಿಸಿತು, ಅಕ್ಕ ಆರತಿ ಹಿಡಿದು ನಿಂತದ್ದೂ ಕಾಣಿಸಿತು. ಆದರೆ ಎಡಗಡೆಯ ಗೇಟಿನ ಬಾಯಲ್ಲಿ ನೀರಿನ ಟ್ಯಾಂಕರೊಂದು ಗಟಾರದೊಳಗೆ ಗಾಲಿ ಇಳಿಸಿ ವಾಲಿಕೊಂಡು ನಿಂತಿತ್ತು. ಒಳಗೆ ಹೋಗಲು ದಾರಿಯೇ ಇಲ್ಲ. ಭಾವ ಓಡಿಬಂದರು.

"ಆ ಸಂದಿ ಕಡಿಂದ ಬರ್ರಿ, ಬಲಕ್ಕ! ಅಲ್ಲಿಂದ ಎಡಕ್ಕ ಸುತ್ತಿ ಬಂದ್ರ ಹಾಲ್‌ನ ಇನ್ನೊಂದು ಗೇಟ್ ಅದ!"

ನಾನೂ ಅವಳೂ ಮುಖ ಮುಖ ನೋಡಿಕೊಂಡೆವು. ರಸ್ತೆ ಇಕ್ಕಟ್ಟು. ಆದದ್ದಾಗಲಿ ಎಂದು ಬಲಕ್ಕೆ ತಿರುಗಿಸಿದೆ. ಖರ್ರ್ ಎಂದಿತು, ಸುಟ್ಟ ರಬ್ಬರಿನ ವಾಸನೆ ಬಂತು, ಗಾಡಿ ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಅದೇ ಹೊತ್ತಿಗೆ ಎದುರಿನಿಂದ ಬ್ಯಾಂಡು ಕೇಳಿಸಿತು. ಹನುಮಪ್ಪನ ಗುಡಿಯಿಂದ ಗಂಡಿನ ಮೆರವಣಿಗೆ ಬರುತ್ತಿತ್ತು. ಅವನು ಬಾಸಿಂಗ ಕಟ್ಟಿಕೊಂಡು, ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಕಟಾರಿ ಹಿಡಿದು ಕುದುರೆಯ ಮೇಲಿದ್ದ.

"ನಾ ಮೊದಲೇ ಹೇಳಿದ್ದೆ!" ಭಾವನ ಮುಖ ಕೆಂಪಾಯಿತು. ಮಗಳ ಕಡೆ ತಿರುಗಿ, "ಇಳಿ, ಜಲ್ದಿ ಇಳಿ. ಬೀಗರು ನೋಡೂದ್ರಾಗ ಹಿಂದಿನ ಬಾಗಲಿಂದ ಒಳಗ ನಡಿ," ಅಂದರು.

ಅವಳು ಇಳಿಯಲಿಲ್ಲ. ಎರಡೂ ಕೈಯಿಂದ ಸೀಟು ಹಿಡಿದು ಕೂತಳು. ಮೆರವಣಿಗೆ ನಮ್ಮ ಮುಂದೆ ಬಂದು ನಿಂತಿತು. ಬ್ಯಾಂಡು ನಿಂತಿತು. ಹುಡುಗನ ತಂದೆ ಮೀಸೆಯ ಮೇಲೆ ಕೈಯಿಟ್ಟರು. ಇಷ್ಟು ಆಸೆಪಟ್ಟ ಹುಡುಗಿ ಎಲ್ಲರ ಕಣ್ಣಮುಂದೆ ಇಳಿದು ಹಿಂದಿನ ಬಾಗಿಲಿಗೆ ನಡೆಯಬೇಕಲ್ಲ!

ಆಗ ಕುದುರೆಯ ಮೇಲಿದ್ದವನು ಕಟಾರಿಯನ್ನು ಪಕ್ಕದವನ ಕೈಗೆ ಕೊಟ್ಟು ಕೆಳಗೆ ಇಳಿದ. ಅಕ್ಷತೆಯ ಅಕ್ಕಿಕಾಳು ಬೀಳುವ ಮೊದಲು ಮದುಮಗ ಕುದುರೆ ಬಿಟ್ಟು ನಡುರಸ್ತೆಯಲ್ಲಿ ಇಳಿದದ್ದನ್ನು ನಾನು ಕಂಡಿದ್ದೇ ಇಲ್ಲ. ಬಾಸಿಂಗವನ್ನು ಕಿವಿಯ ಮೇಲೆ ಸರಿಸಿಕೊಂಡು ನೇರ ನನ್ನ ಹತ್ತಿರ ಬಂದ.

"ಮೌಶಿ, ಬ್ರೇಕ್ ಬಿಡ್ರಿ. ಸ್ಟೇರಿಂಗ್ ಸೀದಾ ಹಿಡೀರಿ. ಉಳದದ್ದು ನಾವು ನೋಡ್ಕೋತೀವಿ."

ಅವನು ಕೈ ಎತ್ತಿದ್ದೇ ತಡ, ಮೆರವಣಿಗೆಯೊಳಗಿಂದ ಅವನ ಗೆಳೆಯರು ಬಂದು ಗಾಡಿಯ ಮೂತಿಯ ಎರಡೂ ಬದಿಗೆ ನಿಂತರು. ಫೈಬರ್ ಗಾಡಿ, ಹಗುರ. "ಹೋಯ್!" ಎಂದು ಮುಂದಿನ ಗಾಲಿಗಳನ್ನು ನೆಲ ಬಿಡಿಸಿ ಎತ್ತಿ, ಬಲಕ್ಕೆ ಸರಿಸಿ ಇಟ್ಟರು. ಇನ್ನೊಮ್ಮೆ ಎತ್ತಿದರು. ಗಾಡಿಯ ಮೂತಿ ಈಗ ಸರಿಯಾಗಿ ಸಂದಿಯ ಕಡೆಗಿತ್ತು.

"ನಿಮಗ ಹ್ಯಾಂಗ ಗೊತ್ತಾತು?" ನಾನು ಕೇಳಿದೆ.

"ಅಕಿ ನಿನ್ನಿ ಫೋನಿನ್ಯಾಗ ಹೇಳಿದ್ಳಲ್ರಿ, ಬಲಕ್ಕ ತಿರಗಂಗಿಲ್ಲಂತ. ಅದಕ್ಕ ಮುಂಜಾನೇ ಇವರಿಗೆಲ್ಲಾ ಹೇಳಿಟ್ಟಿದ್ದೆ, ನನ್ನ ಕುದುರಿ ಬಿಟ್ಟು ದೂರ ಹೋಗಬ್ಯಾಡ್ರಿ ಅಂತ."

ಅವಳು ತಲೆ ಬಗ್ಗಿಸಿ ನಗುತ್ತಿದ್ದಳು. "ಕುದುರಿ ಕಾಯಾಕತ್ತದ," ಅಂದಳು ಅವನಿಗೆ.

"ಕಾಯಲಿ," ಅಂದ. ಹೊಳ್ಳಿ ಕುದುರೆ ಹತ್ತಲಿಲ್ಲ. ಅವಳ ಬದಿಯ ಬಾಗಿಲ ಮೇಲೆ ಕೈಯಿಟ್ಟು ಗಾಡಿಯ ಜೊತೆಗೇ ನಡೆದ. ಬ್ಯಾಂಡಿನವರಿಗೆ ಏನು ತಿಳಿಯಿತೋ, ಒಮ್ಮೆಗೇ ಜೋರಾಗಿ ಹಚ್ಚಿದರು. ಮುಂದೆ ಹಸಿರು ಗಾಡಿ, ಹಿಂದೆ ಖಾಲಿ ಕುದುರೆ, ಅದರ ಹಿಂದೆ ಇಡೀ ಮೆರವಣಿಗೆ. ಹುಡುಗನ ತಂದೆ ಮೀಸೆಯ ಕೆಳಗೆ ನಗುತ್ತಿದ್ದರು. ನಮ್ಮ ಭಾವ ಕೂಡ, ಸುಳ್ಳು ಹೇಳಬಾರದು, ಟ್ಯಾಂಕರಿನವನನ್ನು ಬೈಯುವುದು ಬಿಟ್ಟು ಗಾಡಿಯ ಮುಂದೆ ಜನರನ್ನು ಸರಿಸುತ್ತ ನಡೆದರು. ನಾನು ಕೂಲಿಂಗ್ ಗ್ಲಾಸ್ ಹಾಕಿಕೊಂಡದ್ದು ಎಷ್ಟು ಒಳ್ಳೆಯದಾಯಿತು!

ಚಾಚಾ ಮುಂದಿನ ವಾರವೇ ಆ ಆ್ಯಂಗಲ್ ಕತ್ತರಿಸಿ ತೆಗೆದರು. ಹೊಸ ಫೈಬರಿಗೆ ನಾನು ಹೊಸ ಹಸಿರು ಹಚ್ಚಿದೆ. ಪಂಚಮಿಗೆ ಮಗಳೂ ಅಳಿಯನೂ ನಮ್ಮಲ್ಲಿ ಬಂದಾಗ ಗಾಡಿಯ ಚಾವಿಯನ್ನು ನಾನು ಅಳಿಯನ ಕೈಗೆ ಕೊಟ್ಟೆ. ಅದು ಪದ್ಧತಿ. ಅವನು ಅದನ್ನು ಅವಳಿಗೆ ಕೊಟ್ಟು, ಸುತ್ತು ಹಾಕಿ ಹೋಗಿ ಎಡಗಡೆಯ ಸೀಟಿನಲ್ಲಿ ಕೂತ.

"ಕ್ಲೀನರ್ ಸಿಕ್ಕ ನೋಡು ಬೇಟಿ," ಅಂದರು ಚಾಚಾ ನನಗೆ.

ನಾವು ಮೂವರೂ ಕಿವಿಗೊಟ್ಟು ನಿಂತೆವು. ಅವಳು ಗೇಟಿನ ತನಕ ಹೋಗಿ, ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಏನೂ ಸದ್ದಾಗಲಿಲ್ಲ. ಗಾಡಿ ಊರಿನ ಕಡೆ ಹೊರಟುಹೋಯಿತು.